ಕಟ್ಟೆ ಒಡೆಯುವ ಮೊದಲು ಅಟ್ಟ ಹತ್ತಿ

ಪ್ರತಿ ವರ್ಷ ಜನವರಿ ಬಂತು ಅಂದರೆ ನನ್ನ ಫೇಸ್‌ಬುಕ್ಕಿನಲ್ಲಿ ಅದೇ ಫೋಟೊ. ಮನೆಯ ಸೂರಿನಿಂದ ಇಳಿಬಿದ್ದ ಆಳೆತ್ತರದ ಐಸ್ ಕೋಲುಗಳು, ಅದರ ಮೇಲೆ ಸಂಜೆ ಬಿಸಿಲು, ಮುಂದೆ ಕೆಂಪು ಜಾಕೆಟ್ ತೊಟ್ಟು ನಿಂತ ಮಗು. ಕೆಳಗೆ ‘ವಾವ್’, ‘ಸೂಪರ್ ಕಣೇ’, ‘ಸಿನಿಮಾ ಸೆಟ್ ಥರಾ ಇದೆ’. ನಾನೂ 2015ರ ಜನವರಿ ಕೊನೆಗೆ ಅಂಥದ್ದೊಂದನ್ನು ಹಾಕಿದ್ದೆ. ಜಯನಗರದ ಚಿಕ್ಕಮ್ಮ ‘ಎಷ್ಟು ಚೆನ್ನಾಗಿದೆಯೋ ನಿಮ್ಮನೆ’ ಅಂತ ಬರೆದಿದ್ದರು. ಸರಿಯಾಗಿ ಹನ್ನೆರಡನೇ ದಿನಕ್ಕೆ ಅದೇ ಗೋಡೆಯ ಒಳಮಗ್ಗುಲಲ್ಲಿ, ಊಟದ ಮೇಜಿನ ಮೇಲೆ, ಹನಿ ಬೀಳೋಕೆ ಶುರುವಾಯಿತು.

ಅಂದಿನಿಂದ ಆ ಫೋಟೊಗಳಿಗೆ ನಾನು ಲೈಕ್ ಒತ್ತುವುದಿಲ್ಲ. ‘ಅಟ್ಟ ನೋಡಿದ್ಯಾ?’ ಅಂತ ಒಂದು ಕಾಮೆಂಟ್ ಹಾಕ್ತೀನಿ. ಇದರಿಂದ ಎರಡು ಮೂರು ಸ್ನೇಹಗಳು ಸ್ವಲ್ಪ ತಣ್ಣಗಾಗಿವೆ. ಆಗಲಿ.

ನಾನಿರುವುದು ಬಾಸ್ಟನ್ನಿಗೆ ಪಶ್ಚಿಮಕ್ಕೆ ಇಪ್ಪತ್ತು ಮೈಲಿ ದೂರದ ಫ್ರೇಮಿಂಗ್‌ಹ್ಯಾಮಿನಲ್ಲಿ. ಹುಟ್ಟೂರು ತೀರ್ಥಹಳ್ಳಿ ಕಡೆ. ಆಗುಂಬೆ ಮಳೆ ಕಂಡವನಿಗೆ ಸೂರು, ಸೋರಿಕೆ ಎಲ್ಲ ಏನು ಹೊಸದು ಅನ್ನುವ ಜಂಬ ಇತ್ತು. ಅದನ್ನು ಮುರಿದದ್ದು ಐಸ್ ಡ್ಯಾಮ್.

ಬೆಂಗಳೂರಿನಲ್ಲಿ ಕೂತು ಓದುತ್ತಿರುವವರಿಗೆ ಇದೇನು ಅಂತ ಹೇಳಬೇಕು. ಮಾಡಿನ ಮೇಲೆ, ಅಂದರೆ ಹೊರಗಿನ ಇಳಿಜಾರು ಛಾವಣಿಯ ಮೇಲೆ, ಎರಡಡಿ ಸ್ನೋ ಕೂತಿದೆ. ಹೊರಗೆ ಮೈನಸ್ ಎಂಟು ಡಿಗ್ರಿ. ಒಳಗೆ ನಾವು ಇಪ್ಪತ್ತೊಂದು ಡಿಗ್ರಿ ಇಟ್ಟುಕೊಂಡು ಟೀ ಶರ್ಟಿನಲ್ಲಿ ಓಡಾಡ್ತಿದ್ದೀವಿ. ಆ ಬಿಸಿಗಾಳಿ ಸೀಲಿಂಗಿನ ಸಂದಿಗೊಂದಿಗಳಿಂದ ಅಟ್ಟಕ್ಕೆ ನುಗ್ಗುತ್ತದೆ. ಅಟ್ಟ ಬೆಚ್ಚಗಾದರೆ ಮಾಡಿನ ಹಲಗೆಯೂ ಬೆಚ್ಚಗಾಗುತ್ತದೆ, ಸ್ನೋದ ಅಡಿಪದರ ಕರಗುತ್ತದೆ. ಮೇಲಿನ ಸ್ನೋ ಕಂಬಳಿಯ ಹಾಗೆ ಆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರಗಿದ ನೀರು ಇಳಿಜಾರಿನಲ್ಲಿ ಹರಿದು ಸೂರಿಗೆ ಬರುತ್ತದೆ. ಸೂರು ಗೋಡೆಯಿಂದ ಆಚೆ ಚಾಚಿಕೊಂಡಿರೋದು. ಅದರ ಕೆಳಗೆ ಮನೆ ಇಲ್ಲ, ಬಿಸಿಯೂ ಇಲ್ಲ. ಅಲ್ಲಿಗೆ ಬಂದ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ದಿನಕ್ಕಿಷ್ಟು ದಿನಕ್ಕಿಷ್ಟು ಅಂತ ಸೂರಿನುದ್ದಕ್ಕೂ ಒಂದು ಏರಿ ಏಳುತ್ತದೆ. ಹಿಂದಿನಿಂದ ಬರುವ ನೀರಿಗೆ ದಾರಿ ಬಂದ್. ನಮ್ಮೂರಲ್ಲಿ ಕೆರೆ ಕಟ್ಟಿದವರಿಗೆ ಕೋಡಿ ಬಿಡಬೇಕು ಅನ್ನುವಷ್ಟು ಬುದ್ಧಿ ಇತ್ತು. ಈ ಕೆರೆಗೆ ಕೋಡಿ ಇಲ್ಲ. ನೀರು ಹಿಂದಕ್ಕೇ ಏರಿ ಶಿಂಗಲ್‌ಗಳ ಅಡಿಗೆ ಹೋಗುತ್ತದೆ. ಶಿಂಗಲ್ಲೂ ನಮ್ಮ ಹಂಚಿನ ಹಾಗೆಯೇ, ಒಂದರ ಮೇಲೊಂದು ಹೊದಿಸಿರೋದು. ಹರಿದು ಹೋಗೋ ನೀರಿಗೆ ಜಗ್ಗಲ್ಲ, ನಿಂತ ನೀರಿಗೆ ಸೋತುಬಿಡುತ್ತೆ. ಆಮೇಲೆ ಊಟದ ಮೇಜು.

ಈ ಕಥೆಯಲ್ಲಿ ಮಾಡು ಏನೂ ತಪ್ಪು ಮಾಡಿಲ್ಲ ಅನ್ನೋದನ್ನ ಗಮನಿಸಿದಿರಾ? ತಪ್ಪಿದ್ದದ್ದು ಸೀಲಿಂಗಿನಲ್ಲಿ. ಆದರೂ ಸೋರಿದ ಕೂಡಲೇ ನಾವೆಲ್ಲ ಓಡುವುದು ಮಾಡಿಗೆ, ದುಡ್ಡು ಸುರಿಯುವುದು ಮಾಡಿಗೆ, ಮನುಷ್ಯರನ್ನು ಹತ್ತಿಸುವುದೂ ಮಾಡಿಗೆ. ನನ್ನ ತಕರಾರು ಇದೇ.

ಆ ಚಳಿಗಾಲ ಸುಮ್ಮನೆ ಅಲ್ಲ ಅಂತ ಒಪ್ಪಿಕೊಳ್ತೀನಿ. ಬಾಸ್ಟನ್ನಿನ ಲೋಗನ್ ವಿಮಾನ ನಿಲ್ದಾಣದಲ್ಲಿ ಒಟ್ಟು 110.6 ಇಂಚು ಸ್ನೋ ಅಳೆದರು. 1995-96ರ 107.6 ಇಂಚಿನ ದಾಖಲೆ ಮುರಿಯಿತು. ಅದರಲ್ಲಿ 64.8 ಇಂಚು ಫೆಬ್ರವರಿ ಒಂದೇ ತಿಂಗಳದ್ದು. ಒಂದು ಬಿರುಗಾಳಿಯ ಸ್ನೋ ಎತ್ತಿ ಹಾಕುವಷ್ಟರಲ್ಲಿ ಮತ್ತೊಂದು. ನಗರದ ರೈಲುಗಳೇ ನಿಂತವು. ನಡುವೆ ಬಿಸಿಲಿನ ದಿನಗಳು ಬಂದು ಕರಗಿಸಲೂ ಇಲ್ಲ.

ಹನಿ ಶುರುವಾದ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ‘ಹಂಚು ಸರ್ದಿರ್ಬೇಕು ನೋಡೋ, ಬೆಳಿಗ್ಗೆ ಯಾರನ್ನಾದ್ರೂ ಹತ್ಸು’ ಅಂದರು. ಅವರ ಮಟ್ಟಿಗೆ ಅದು ಸರಿಯಾದ ಮಾತು. ನಮ್ಮೂರಲ್ಲಿ ಸೋರಿದರೆ ಮೇಲೆ ಹಂಚು ಒಡೆದಿರುತ್ತೆ, ಇಲ್ಲವೇ ಮಂಗ ಕುಣಿದಿರುತ್ತೆ. ಹತ್ತಿ ಸರಿ ಮಾಡಿದರೆ ಆಯಿತು. ನಾನೂ ಅದೇ ತಲೆ ಇಟ್ಟುಕೊಂಡು ಬೆಳಿಗ್ಗೆ ಏಣಿ ಹಾಕಿ, ಕೈಯಲ್ಲಿ ಸುತ್ತಿಗೆ ಹಿಡಿದು ಹತ್ತಿದೆ. ಇನ್ಫೋಸಿಸ್ ಕಾಲದಿಂದ ಕೀಬೋರ್ಡ್ ಬಿಟ್ಟು ಬೇರೇನೂ ಕುಟ್ಟದ ಕೈ. ಹತ್ತು ನಿಮಿಷ ಕುಟ್ಟಿದ ಮೇಲೆ ಒಂದು ತೆಂಗಿನಕಾಯಿ ಗಾತ್ರದ ಐಸ್ ಬಂತು, ಅದರ ಜೊತೆ ಮೂರು ಶಿಂಗಲ್ ತುಂಡೂ ಬಂತು. ಚಳಿಯಲ್ಲಿ ಶಿಂಗಲ್ ಹಪ್ಪಳದ ಹಾಗೆ ಮುರಿಯುತ್ತೆ ಅಂತ ಯಾರಾದರೂ ಮೊದಲೇ ಹೇಳಬಾರದಿತ್ತೆ? ಕೆಳಗಿನಿಂದ ಹೆಂಡತಿ ‘ಇಳೀರಿ ಸಾಕು, ಮನೆ ಸೋರಿದ್ರೆ ಪರವಾಗಿಲ್ಲ’ ಅಂತ ಕೂಗಿದಳು. ಇಳಿದೆ.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟ ಕೆಲಸ. ಎಲ್ಲರೂ ಮಾಡುತ್ತಿದ್ದ ಹಾಗೆ ಒಬ್ಬ ಕಂಟ್ರಾಕ್ಟರಿಗೆ ಫೋನ್ ಮಾಡಿ ಆಳುಗಳನ್ನು ಕರೆಸಿದೆ. ಫ್ರೇಮಿಂಗ್‌ಹ್ಯಾಮಿನಲ್ಲಿ ಬ್ರೆಜಿಲ್‌ನಿಂದ ಬಂದವರು ಬಹಳ. ಬಂದ ಮೂವರೂ ಅವರೇ. ಕಂಟ್ರಾಕ್ಟರ್ ಟ್ರಕ್ಕಿನ ಹೀಟರ್ ಹಾಕಿಕೊಂಡು ಒಳಗೇ ಕೂತ. ಇವರು ಸಲಿಕೆ, ಕೊಡಲಿ ಹಿಡಿದು ಮೇಲೆ ಹೋದರು. ಸೊಂಟಕ್ಕೆ ಹಗ್ಗ ಇರಲಿಲ್ಲ. ನಾನು ಅದನ್ನು ಕಂಡೆ. ಕೇಳಲಿಲ್ಲ. ಒಳಗೆ ಬಕೆಟ್ ತುಂಬುತ್ತಿತ್ತು, ಕೇಳಿದರೆ ಅವರು ಇಳಿದು ಹೋಗಿಬಿಟ್ಟರೆ ಅನ್ನುವ ಭಯ. ಅವರಲ್ಲಿ ಚಿಕ್ಕವನು, ಇಪ್ಪತ್ತು ದಾಟಿರಲಾರದು, ಮಾಡಿನ ನಡುವಿನಿಂದ ಜಾರಿದವನು ಸೂರಿನ ಐಸಿಗೆ ಬಡಿದು, ಅಲ್ಲಿಂದ ಹಾರಿ ಕೆಳಗಿನ ಸ್ನೋ ರಾಶಿಯೊಳಗೆ ಬಿದ್ದ. ಎದ್ದು ನಕ್ಕ. ಆಮೇಲೆ ಎಡಗೈ ಮಣಿಕಟ್ಟು ಹಿಡಿದುಕೊಂಡು ನಗು ನಿಲ್ಲಿಸಿದ. ಒಳಗೆ ಕರೆದು ಚಹಾ ಕೊಟ್ಟೆವು, ಐಸ್ ಕಟ್ಟಿದೆವು. ಆ ದಿನ ಐಸಿಗೇನು ಬರ. ಆಸ್ಪತ್ರೆ ಅಂದರೆ ಬೇಡ ಬೇಡ ಅಂತ ತಲೆಯಾಡಿಸಿದ. ಕಂಟ್ರಾಕ್ಟರ್ ನಗದು ಎಣಿಸಿಕೊಂಡು ಹೊರಟ. ಮಾರನೇ ದಿನ ಉಳಿದಿಬ್ಬರು ಬಂದರು, ಅವನು ಬರಲಿಲ್ಲ.

ಕಾನೂನಿಲ್ಲ ಅಂತಲ್ಲ. ಮಾಡಿನ ಮೇಲೆ ಸ್ನೋ ತೆಗೆಯುವವರಿಗೆ ಬೀಳದಂತೆ ರಕ್ಷಣೆ ಕೊಡಬೇಕು ಅಂತ ಇಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ ಹೇಳುತ್ತಲೇ ಇರುತ್ತದೆ. ಸಾಧ್ಯವಾದಷ್ಟೂ ಯಾರನ್ನೂ ಹತ್ತಿಸಬೇಡಿ, ನೆಲದ ಮೇಲೆ ನಿಂತೇ ತೆಗೆಯಿರಿ ಅಂತಲೂ ಹೇಳುತ್ತದೆ. ಆದರೆ ಹನಿ ಬೀಳುತ್ತಿರುವ ಮನೆಯ ಯಜಮಾನನಿಗೆ ಕಾನೂನು ಕೇಳಿಸುವುದಿಲ್ಲ, ಬಕೆಟ್ಟಿನ ಸದ್ದು ಮಾತ್ರ ಕೇಳಿಸುತ್ತೆ. ಅದಕ್ಕೇ ಹೇಳೋದು, ಈ ವಿಷಯ ಫೆಬ್ರವರಿಯಲ್ಲಿ ತೀರ್ಮಾನ ಮಾಡುವಂಥದ್ದಲ್ಲ. ನನ್ನ ಮನೆಯ ಬಿಸಿ ಸೋರಿದ್ದಕ್ಕೆ ಆ ಹುಡುಗನ ಮಣಿಕಟ್ಟು ದಂಡ ತೆತ್ತಿತು. ಆ ಬಿಸಿ ಸೋರುತ್ತಿದ್ದದ್ದು ಹಿಂದಿನ ಅಕ್ಟೋಬರಿನಲ್ಲೂ, ಅದರ ಹಿಂದಿನ ಅಕ್ಟೋಬರಿನಲ್ಲೂ. ನಾನು ಆಗ ಅಡುಗೆಮನೆಗೆ ಗ್ರಾನೈಟ್ ಆರಿಸುತ್ತಿದ್ದೆ.

ಈಗ ಮಾರುಕಟ್ಟೆಗೆ ಬನ್ನಿ. ಸ್ನೋ ಬಿದ್ದ ಮರುದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲಲ್ಲೇ ಜೋಡಿಸಿಟ್ಟಿರುತ್ತಾರೆ. ಮೊದಲನೆಯದು ಉಪ್ಪು. ಕ್ಯಾಲ್ಸಿಯಂ ಕ್ಲೋರೈಡನ್ನು ಹೆಂಗಸರ ಉದ್ದ ಕಾಲುಚೀಲಕ್ಕೆ ತುಂಬಿ ಏರಿಗೆ ಅಡ್ಡಲಾಗಿ ಇಟ್ಟರೆ ಅದು ಕೊರೆದುಕೊಂಡು ನೀರಿಗೆ ಒಂದು ಕಾಲುವೆ ಮಾಡಿಕೊಡುತ್ತೆ. ತುರ್ತಿಗೆ ಪರವಾಗಿಲ್ಲ, ನಾನೂ ಇಟ್ಟಿದ್ದೆ. ಇಡೀ ಓಣಿಯ ಮನೆಗಳ ಸೂರಿನಿಂದ ಕಾಲುಗಳು ನೇತಾಡುತ್ತಿದ್ದವು, ಭೂತದ ಸಿನಿಮಾ ಥರ. ಮಾಮೂಲಿ ಕಲ್ಲುಪ್ಪು ಮಾತ್ರ ಎರಚಬೇಡಿ, ಗಟರಿನ ಮೊಳೆಗೆ ತುಕ್ಕು, ಕೆಳಗಿನ ಗಿಡಕ್ಕೆ ಸಾವು.

ಎರಡನೆಯದು ಹೀಟ್ ಕೇಬಲ್. ಇದರ ಬಗ್ಗೆ ನನಗೆ ನಿಜವಾದ ಸಿಟ್ಟಿದೆ. ಸೂರಿನುದ್ದಕ್ಕೂ ಹಾವಿನಂತೆ ಓರೆಕೋರೆಯಾಗಿ ಕೂರಿಸುವ ಬಿಸಿಯಾಗುವ ತಂತಿ. ಅಡಿಗೆ ಐದರಿಂದ ಎಂಟು ವಾಟ್ ಎಳೆಯುತ್ತೆ. ನನ್ನ ಗೆಳೆಯನ ಮನೆಗೆ 120 ಅಡಿ ಹಾಕಿಸಿದ್ದಾನೆ. ಅಡಿಗೆ ಆರು ವಾಟ್ ಅಂದರೂ 720 ವಾಟ್, ದಿನವಿಡೀ ಉರಿದರೆ 17 ಯೂನಿಟ್ ಚಿಲ್ಲರೆ. ಲೆಕ್ಕದ ಚಂದ ನೋಡಿ. ಮನೆ ಬಿಸಿ ಮಾಡಲು ಗ್ಯಾಸಿಗೆ ದುಡ್ಡು ಕೊಟ್ಟ. ಆ ಬಿಸಿ ಸೋರಿ ಐಸ್ ಆಯಿತು. ಆ ಐಸ್ ಕರಗಿಸಲು ಈಗ ಕರೆಂಟಿಗೆ ದುಡ್ಡು ಕೊಡುತ್ತಿದ್ದಾನೆ. ಒಡೆದ ಬಿಂದಿಗೆಯಲ್ಲಿ ನೀರು ಹೊತ್ತು, ಸೋರಿದ ನೀರು ಒರೆಸಲು ಆಳಿಟ್ಟ ಹಾಗೆ. ಹೇಳಿದರೆ ‘ಥರ್ಮೊಸ್ಟ್ಯಾಟ್ ಇದೆ ಕಣೋ, ಸ್ಮಾರ್ಟ್’ ಅಂತಾನೆ. ಇಬ್ಬರೂ ಎಂಜಿನಿಯರುಗಳು, ಎನರ್ಜಿ ಬ್ಯಾಲೆನ್ಸ್ ಬರೆದು ಪಾಸಾದವರು.

ಮೂರನೆಯವನು ರೂಫಿಂಗ್ ಸೇಲ್ಸ್‌ಮನ್. ಇಡೀ ಮಾಡು ಹೊಸದು ಮಾಡಿ, ಸೂರಿನ ಹತ್ತಿರ ಶಿಂಗಲ್ ಅಡಿಗೆ ಅಂಟುಹಾಳೆ ಹಾಕ್ತೀವಿ ಅಂತಾನೆ. ಚಳಿ ಪ್ರದೇಶದ ಕಟ್ಟಡ ನಿಯಮವೇ ಅದನ್ನು ಕೇಳುತ್ತೆ, ಸೂರಿನ ತುದಿಯಿಂದ ಹೊರಗೋಡೆ ದಾಟಿ ಕನಿಷ್ಠ 24 ಇಂಚು ಒಳಗೆ ಬರೋವರೆಗೆ. ಒಳ್ಳೆಯದೇ, ಮಾಡು ಹೇಗೂ ಬದಲಾಯಿಸುವಾಗ ಹಾಕಿಸಿ. ಆದರೆ ಆ ಹಾಳೆ ಏರಿ ಕಟ್ಟೋದನ್ನ ತಡೆಯಲ್ಲ, ಏರಿ ಕಟ್ಟಿದ ಮೇಲೆ ನೀರು ಒಳಗೆ ಬರೋದನ್ನ ತಡೆಯುತ್ತೆ. ಈ ವ್ಯತ್ಯಾಸವನ್ನು ಅವನು ಹೇಳಲಿಲ್ಲ. ಬಂದ ಮೂವರು ಸೇಲ್ಸ್‌ಮನ್‌ಗಳಲ್ಲಿ ಒಬ್ಬನೂ ‘ಸ್ವಾಮಿ, ನಿಮ್ಮ ಅಟ್ಟ ಒಂಚೂರು ತೋರಿಸ್ತೀರಾ’ ಅಂತ ಕೇಳಲಿಲ್ಲ. ಹೊಟ್ಟೆನೋವು ಅಂತ ಹೋದವನಿಗೆ ಹೊಟ್ಟೆ ಮುಟ್ಟಿ ನೋಡದೆ ಬೆಲ್ಟು ಮಾರಿದ ಹಾಗಾಯ್ತು.

ಇನ್ಶೂರೆನ್ಸಿನವರದು ಇನ್ನೊಂದು ಬಗೆ. ನನ್ನ ಕಂಪನಿ ಮರ್ಯಾದೆಯಿಂದಲೇ ನಡೆದುಕೊಂಡಿತು, ಸುಳ್ಳು ಹೇಳಬಾರದು. ಸೀಲಿಂಗು, ಬಣ್ಣ, ಉಬ್ಬಿದ ನೆಲದ ಹಲಗೆ ಎಲ್ಲಕ್ಕೂ ಚೆಕ್ ಬಂತು. ಹಾಗಾದರೆ ಅಟ್ಟ ಸರಿ ಮಾಡಿಸೋಕೆ? ಅದು ನಿರ್ವಹಣೆ, ಅದು ನಿಮ್ಮದು ಅಂದರು. ಕಾರಣಕ್ಕೆ ಕಾಸಿಲ್ಲ, ಪರಿಣಾಮಕ್ಕೆ ಸಾವಿರಾರು ಡಾಲರ್. ಅದೇ ಸೀಲಿಂಗಿಗೆ ಎರಡನೇ ಸಲ ಬಣ್ಣ ಬಳಿಸಿಕೊಂಡವರು ನನಗೆ ಗೊತ್ತು.

ಹಾಗಾದರೆ ಅಟ್ಟದಲ್ಲಿ ಏನಿತ್ತು?

ನಮ್ಮದು 1958ರ ಕೇಪ್ ಮನೆ. ಕೇಪ್ ಅಂದರೆ ಮಹಡಿಯ ಕೋಣೆಗಳು ಮಾಡಿನ ಇಳಿಜಾರಿನೊಳಗೇ ತೂರಿಕೊಂಡಿರುತ್ತವೆ. ಮಲಗುವ ಕೋಣೆಯ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಗಿಡ್ಡ ಗೋಡೆ, ಅದರ ಆಚೆ ತ್ರಿಕೋನಾಕಾರದ ಕತ್ತಲೆ. ಅದೇ ಪಕ್ಕದ ಅಟ್ಟ. ಒಂದು ಸಣ್ಣ ಬಾಗಿಲು ಇತ್ತು, ಅದರ ಮುಂದೆ ನಾವು ಆರು ವರ್ಷದಿಂದ ಸೂಟ್‌ಕೇಸ್ ಪೇರಿಸಿದ್ದೆವು. ಏಪ್ರಿಲಿನಲ್ಲಿ ಎನರ್ಜಿ ಆಡಿಟಿನವನು ಬಂದು ಸೂಟ್‌ಕೇಸ್ ಸರಿಸಿ, ಹೊಟ್ಟೆ ಮೇಲೆ ತೆವಳಿಕೊಂಡು ಒಳಗೆ ಹೋದ. ಹಿಂದೆಯೇ ನನ್ನನ್ನೂ ಕರೆದ.

ಟಾರ್ಚು ಬಿಟ್ಟು ನೋಡಿದರೆ ಗುಲಾಬಿ ಬಣ್ಣದ ಫೈಬರ್‌ಗ್ಲಾಸ್ ಹಾಸಿದೆ. ನಾನು ‘ಇನ್ಸುಲೇಷನ್ ಇದೆಯಲ್ಲ!’ ಅಂದೆ. ಅವನು ಅದನ್ನು ಅಲ್ಲಲ್ಲಿ ಎತ್ತಿ ತೋರಿಸಿದ. ಅಡಿ ಕಪ್ಪಗಿತ್ತು. ಮಸಿಯಲ್ಲ, ಧೂಳು. ಬಿಸಿಗಾಳಿ ವರ್ಷಗಟ್ಟಲೆ ಅದರ ಮೂಲಕ ನುಸುಳಿ ಹೋಗಿದೆ, ಫೈಬರ್‌ಗ್ಲಾಸ್ ಸೋಸಣಿಗೆಯ ಹಾಗೆ ಧೂಳು ಹಿಡಿದುಕೊಂಡಿದೆ. ಎಲ್ಲೆಲ್ಲಿ ಕಪ್ಪೋ ಅಲ್ಲೆಲ್ಲ ಕೆಳಗೆ ಒಂದು ತೂತು. ಬೆಂಗಳೂರಿನಲ್ಲಿ ಡಿಸೆಂಬರ್ ಬೆಳಿಗ್ಗೆ ಉಲ್ಲನ್ ಸ್ವೆಟರ್ ಹಾಕಿಕೊಂಡು ಬೈಕ್ ಓಡಿಸಿ ನೋಡಿ. ಗಾಳಿ ಎದೆಗೇ ಬರುತ್ತೆ. ಮೇಲೊಂದು ತೆಳು ಜರ್ಕಿನ್ ಹಾಕಿದರೆ ನಿಂತುಹೋಗುತ್ತೆ. ನಮ್ಮ ಅಟ್ಟಕ್ಕೆ ಸ್ವೆಟರ್ ಇತ್ತು, ಜರ್ಕಿನ್ ಇರಲಿಲ್ಲ.

ತೂತುಗಳ ಪಟ್ಟಿ ಕೇಳಿ. ಬಚ್ಚಲಿನ ಫ್ಯಾನಿನ ಕೊಳವೆ ಹೊರಗೆ ಹೋಗುವ ಬದಲು ಅಟ್ಟದಲ್ಲೇ ಬಾಯಿ ತೆರೆದುಕೊಂಡಿತ್ತು. ನಾವು ಸ್ನಾನ ಮಾಡಿದ ಹಬೆಯೆಲ್ಲ ಅಲ್ಲಿಗೇ. ಚಿಮಣಿಯ ಸುತ್ತ ಕೈ ತೂರುವಷ್ಟು ಸಂದು, ನೆಲಮಾಳಿಗೆಯ ತನಕ ನೇರ ದಾರಿ. ಗಿಡ್ಡ ಗೋಡೆಯ ಕೆಳಗೆ, ನೆಲದ ತೊಲೆಗಳ ನಡುವೆ, ಸಾಲಾಗಿ ತೆರೆದ ಬಾಯಿಗಳು. ಕೆಳಮನೆಯ ಬಿಸಿಗಾಳಿ ಅವುಗಳಿಂದ ಸಲೀಸಾಗಿ ಹೊರಗೆ ನಡೆದು ಬರುತ್ತಿತ್ತು. ಕೇಪ್ ಮನೆಗಳ ಖಾಯಿಲೆಯೇ ಇದಂತೆ. ಕೊನೆಯದಾಗಿ ಅಡುಗೆಮನೆಯ ಅಂಚಿನ ಸೀಲಿಂಗಿನಲ್ಲಿ ಹುದುಗಿಸಿದ ಐದು ದೀಪಗಳು. ಆ ಐದನ್ನೂ ಹಾಕಿಸಿದ್ದು ನಾನು, 2012ರಲ್ಲಿ, ಗ್ರಾನೈಟಿನ ಜೊತೆಗೆ. ಪ್ರತಿಯೊಂದೂ ಒಂದು ಸಣ್ಣ ಚಿಮಣಿ. ದೀಪದ ಬಿಸಿ, ಒಗ್ಗರಣೆಯ ಘಮ, ಹೀಟರಿನ ಗ್ಯಾಸ್ ದುಡ್ಡು ಎಲ್ಲ ಅದರಿಂದ ಮೇಲೆ.

ನಮ್ಮೂರ ಅಟ್ಟ ನೆನಪಾಯಿತು. ಒಲೆಯ ಮೇಲಿನ ಅಟ್ಟ ಬೆಚ್ಚಗಿರಬೇಕು. ಅಡಿಕೆ, ಬೀಜದ ಗೊನೆ, ಮಳೆಗಾಲದ ಸೌದೆ ಎಲ್ಲ ಹೊಗೆಯಲ್ಲಿ ಒಣಗಬೇಕು. ಹೊಗೆ ಹಂಚಿನ ಸಂದಿಯಿಂದ ಹೋದರೆ ಮನೆಗೇ ಒಳ್ಳೆಯದು. ಇಲ್ಲಿ ಪೂರಾ ಉಲ್ಟಾ. ಅಟ್ಟ ಹೊರಗಿನಷ್ಟೇ ತಣ್ಣಗಿರಬೇಕು. ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. ನ್ಯೂ ಹ್ಯಾಂಪ್‌ಶೈರಿನ ಹ್ಯಾನೊವರಿನಲ್ಲಿ ಅಮೆರಿಕದ ಸೇನೆಗೆ ಚಳಿ ಪ್ರದೇಶಗಳದ್ದೇ ಒಂದು ಸಂಶೋಧನಾಲಯವಿದೆ. ಅಲ್ಲಿನ ವೇಯ್ನ್ ಟೊಬಿಯಾಸನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಉತ್ತರ ನ್ಯೂಯಾರ್ಕಿನ ಫೋರ್ಟ್ ಡ್ರಮ್ ಸೇನಾನೆಲೆಯ ಕಟ್ಟಡಗಳ ಅಟ್ಟಗಳಲ್ಲಿ ಉಷ್ಣತೆ ಅಳೆದರು. ಅವರು ಕಂಡದ್ದು ಸರಳ: ಹೊರಗೆ 22 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಿಮೆ, ಅಂದರೆ ಮೈನಸ್ ಐದೂವರೆ ಸೆಲ್ಸಿಯಸ್ಸಿನ ಆಸುಪಾಸು ಇದ್ದು, ಅಟ್ಟ 30 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಸೂರಿನಲ್ಲಿ ಐಸ್ ಬೆಳೆಯುತ್ತೆ. ಅಟ್ಟವನ್ನು 30ರ ಕೆಳಗೆ ಹಿಡಿದಿಟ್ಟರೆ ಆ ತೊಂದರೆ ಇಲ್ಲ. ಸೂರಿನ ಅಡಿಯಿಂದ ತಣ್ಣನೆ ಗಾಳಿ ಒಳಗೆ ಬಂದು ನೆತ್ತಿಯಿಂದ ಹೊರಹೋಗುವ ವ್ಯವಸ್ಥೆ ಅದಕ್ಕೇ ಬೇಕಾಗಿರೋದು.

ತೂತುಗಳ ಕಥೆ ಇನ್ನೂ ಹಳೆಯದು. 1970ರ ದಶಕದ ತೈಲ ಬಿಕ್ಕಟ್ಟಿನ ಕಾಲದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಅನ್ನುವ ಬಡಾವಣೆಯ ಮನೆಗಳನ್ನು ಅಳೆಯುತ್ತಿದ್ದರು. ಅಟ್ಟದ ಮೂಲಕ ಹೋಗುತ್ತಿದ್ದ ಬಿಸಿ ಪುಸ್ತಕದ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚು ಬಂತು. ಗೌತಮ್ ದತ್ ಮತ್ತು ಸಂಗಡಿಗರು ಹುಡುಕಿದಾಗ ಸಿಕ್ಕಿದ್ದು ಇವೇ: ಗೋಡೆಯೊಳಗಿನ ಗುಪ್ತ ದಾರಿಗಳು, ಕೊಳವೆಗಳ ಸುತ್ತಲಿನ ಸಂದುಗಳು, ಇನ್ಸುಲೇಷನ್ನಿಗೆ ಚಳ್ಳೆಹಣ್ಣು ತಿನ್ನಿಸಿ ಗಾಳಿ ತಪ್ಪಿಸಿಕೊಳ್ಳುವ ಅಡ್ಡದಾರಿಗಳು. ನಲವತ್ತು ವರ್ಷಕ್ಕೂ ಹಿಂದಿನಿಂದ ಗೊತ್ತಿರುವ ವಿಷಯ ಸ್ವಾಮಿ ಇದು. ಗೊತ್ತಿಲ್ಲದೆ ಇರೋದು ಬಾಗಿಲಿಗೆ ಸೂಟ್‌ಕೇಸ್ ಪೇರಿಸಿದ ನಮಗೆ.

ಒಂದು ಲೆಕ್ಕ ಹೇಳಿಬಿಡ್ತೀನಿ, ಇದು ನನ್ನ ನಿದ್ದೆ ಕೆಡಿಸಿದ್ದು. ಸೊನ್ನೆ ಡಿಗ್ರಿಯ ಒಂದು ಕಿಲೋ ಐಸನ್ನು ಅದೇ ಸೊನ್ನೆ ಡಿಗ್ರಿಯ ನೀರು ಮಾಡೋಕೆ ಬೇಕಾಗೋ ಶಾಖದಲ್ಲಿ ಒಂದು ಲೀಟರ್ ತಣ್ಣೀರನ್ನು 80 ಡಿಗ್ರಿವರೆಗೆ ಕಾಯಿಸಬಹುದು. ನನ್ನ ಸೂರಿನ ಏರಿ ಸುಮಾರು ನಲವತ್ತಡಿ ಉದ್ದ, ಒಂದಡಿ ಎತ್ತರ, ಒಂದಡಿ ಅಗಲ ಅಂತ ಇಟ್ಟುಕೊಂಡರೆ ಹತ್ತಿರ ಹತ್ತಿರ ಒಂದು ಟನ್. ಅಷ್ಟನ್ನು ಕರಗಿಸಿ ಅಲ್ಲಿಗೆ ತರೋಕೆ ಮಾಡಿನ ಮೂಲಕ ಹೋದ ಶಾಖ ಸುಮಾರು 93 ಯೂನಿಟ್ ವಿದ್ಯುತ್ತಿಗೆ ಸಮ. ತೀರ್ಥಹಳ್ಳಿಯಲ್ಲಿ ಅಮ್ಮನ ಒಂದು ತಿಂಗಳ ಬಿಲ್ಲು ಅಷ್ಟು ಬರಲ್ಲ. ಇದು ಏರಿಯಲ್ಲಿ ನಿಂತ ನೀರಿನ ಲೆಕ್ಕ ಮಾತ್ರ. ಗಟರ್ ದಾಟಿ ಹೋದದ್ದು, ನೆತ್ತಿಯಿಂದ ಗಾಳಿಗೆ ಹೋದದ್ದು ಬೇರೆ. ಕ್ಲೈಮೇಟ್ ಚೇಂಜ್ ಬಗ್ಗೆ ಆಫೀಸಿನಲ್ಲಿ ಸ್ಲೈಡ್ ತೋರಿಸಿ ಬಂದವನ ಮನೆ ಇದು.

ಕೆಲಸ ಎರಡು ದಿನದ್ದು. ಮೊದಲು ಬ್ಲೋಯರ್ ಡೋರ್ ಕೂರಿಸಿದರು. ಮುಂಬಾಗಿಲಿಗೆ ಬಟ್ಟೆಯ ಚೌಕಟ್ಟು ಬಿಗಿದು ದೊಡ್ಡ ಫ್ಯಾನಿನಿಂದ ಮನೆಯ ಗಾಳಿ ಹೊರಗೆಳೆಯುವುದು. ಆಗ ಎಲ್ಲೆಲ್ಲಿ ಸಂದಿದೆಯೋ ಅಲ್ಲಿಂದ ಗಾಳಿ ಒಳಗೆ ನುಗ್ಗಿ ಮುಖಕ್ಕೆ ಹೊಡೆಯುತ್ತೆ. ನನ್ನ ಮಗಳು ಊದುಬತ್ತಿ ಹಿಡಿದುಕೊಂಡು ಮನೆಯೆಲ್ಲ ಸುತ್ತಿದಳು. ಹೊಗೆ ಎಲ್ಲಿ ಹಾರಿತೋ ಅಲ್ಲಿ ಚಾಕಿನ ಗುರುತು. ತೊಲೆಗಳ ನಡುವಿನ ಬಾಯಿಗಳಿಗೆ ಫೋಮ್ ಹಲಗೆ ಕತ್ತರಿಸಿ ತುರುಕಿ, ಅಂಚಿಗೆ ಸ್ಪ್ರೇ ಫೋಮ್. ಚಿಮಣಿ ಸುತ್ತ ತಗಡು ಮತ್ತು ಬೆಂಕಿ ತಡೆಯುವ ಸೀಲಂಟ್, ಅಲ್ಲಿ ಮಾಮೂಲಿ ಫೋಮ್ ಹಾಕಬಾರದು. ದೀಪಗಳನ್ನು ಗಾಳಿ ಬಿಗಿಯಾದ ಎಲ್‌ಇಡಿಗೆ ಬದಲಾಯಿಸಿದೆವು. ಬಚ್ಚಲಿನ ಕೊಳವೆ ಹೊರಗೆ ಹೋಯಿತು. ಇಷ್ಟೆಲ್ಲ ಆದ ಮೇಲೆಯೇ ಇನ್ಸುಲೇಷನ್. ಆಗಿನ ನಿಯಮ ಹೊಸ ಮನೆಯ ಅಟ್ಟಕ್ಕೆ ಕೇಳುತ್ತಿದ್ದದ್ದು ಆರ್-49. ನಮ್ಮಲ್ಲಿ ಎಲ್ಲ ಕಡೆ ಅಷ್ಟು ದಪ್ಪ ಹಿಡಿಯಲಿಲ್ಲ, ಹಿಡಿದ ಕಡೆ ಹಾಕಿದರು. ಮುಗಿಸಿ ಹೋಗುವಾಗ ಬಾಯ್ಲರಿನ ಹೊಗೆ ಸರಿಯಾಗಿ ಹೊರಗೆ ಹೋಗುತ್ತಿದೆಯೇ ಅಂತ ಪರೀಕ್ಷೆ ಮಾಡಿದರು. ಇದನ್ನು ಬಿಡಲೇಬಾರದು. ಮನೆ ಬಿಗಿಯಾದರೆ ಹೊಗೆ ಹಿಂದಕ್ಕೆ ಬರಬಹುದು.

ದುಡ್ಡು? ಮ್ಯಾಸಚೂಸೆಟ್ಸಿನಲ್ಲಿ ಮಾಸ್ ಸೇವ್ ಅಂತ ಒಂದು ಯೋಜನೆ ಇದೆ. ಮನೆಯ ಆಡಿಟ್ ಪುಕ್ಕಟೆ, ಇನ್ಸುಲೇಷನ್ನಿಗೆ ಆಗ ಒಂದು ಮಿತಿಯವರೆಗೆ ಶೇಕಡಾ 75 ಅವರೇ ಕೊಡುತ್ತಿದ್ದರು. ಯಾರ ಧರ್ಮವೂ ಅಲ್ಲ. ಪ್ರತಿ ತಿಂಗಳ ಕರೆಂಟು, ಗ್ಯಾಸ್ ಬಿಲ್ಲಿನಲ್ಲಿ ನಮ್ಮಿಂದಲೇ ವಸೂಲಿ ಮಾಡಿದ ದುಡ್ಡು ಅದು. ಆರು ವರ್ಷ ಕಟ್ಟುತ್ತಲೇ ಇದ್ದೆ, ಬಿಲ್ಲಿನ ಆ ಸಾಲನ್ನು ಓದಿರಲಿಲ್ಲ. ನನ್ನ ಪಾಲಿಗೆ ಬಂದದ್ದು 1,150 ಡಾಲರ್. ಫೆಬ್ರವರಿಯಲ್ಲಿ ಸಲಿಕೆ, ಕೊಡಲಿಗೆ ಕೊಟ್ಟದ್ದು 1,900.

ಇದನ್ನು ಕನ್ನಡ ಕೂಟದ ಯುಗಾದಿ ಊಟದಲ್ಲಿ ಹೇಳಿದೆ. ನಕ್ಕರು. ‘ನಮ್ಮದು ಹೊಸಾ ಮನೆ ಸಾರ್, 2010ರದ್ದು’ ಅಂದರು ಒಬ್ಬರು. ಹೋಗಿ ನೋಡಿದೆ. ಎರಡಂತಸ್ತಿನಷ್ಟು ಎತ್ತರದ ಇಳಿಜಾರು ಸೀಲಿಂಗು, ಅದರಲ್ಲಿ ನಕ್ಷತ್ರದ ಹಾಗೆ ಇಪ್ಪತ್ತೆರಡು ದೀಪ. ಅಲ್ಲಿ ಅಟ್ಟವೇ ಇಲ್ಲ, ಸೀಲಿಂಗಿಗೂ ಮಾಡಿಗೂ ನಡುವೆ ಒಂದಡಿ ಜಾಗ. ಸ್ನೋ ಬಿದ್ದ ಮರುದಿನ ಹೊರಗೆ ನಿಂತು ನೋಡಿದರೆ ದೀಪ ಇದ್ದ ಕಡೆಯೆಲ್ಲ ಮಾಡಿನ ಮೇಲೆ ದುಂಡಗೆ ಕರಗಿರುತ್ತೆ, ಎಣಿಸಬಹುದು. ಹೊಸ ಮನೆ ಅನ್ನೋದು ಉತ್ತರ ಅಲ್ಲ. ನಾವು ಮನೆ ಕೊಳ್ಳುವಾಗ ಶಾಲೆಯ ರೇಟಿಂಗ್ ನೋಡ್ತೀವಿ, ಪೂರ್ವದ ಬಾಗಿಲು ನೋಡ್ತೀವಿ, ದೇವರಮನೆಗೆ ಜಾಗ ನೋಡ್ತೀವಿ. ವಾಸ್ತುವಿಗೆ ಅಂತ ಬೆಂಗಳೂರಿಗೆ ವಾಟ್ಸಾಪಿನಲ್ಲಿ ನಕ್ಷೆ ಕಳಿಸಿದವರನ್ನು ಬಲ್ಲೆ. ಅಟ್ಟದ ಬಾಗಿಲು ತೆಗೆದು ನೋಡಿದವರು ಎಷ್ಟು ಮಂದಿ?

ಎದುರುವಾದವನ್ನೂ ಹೇಳಬೇಕು. ಅಟ್ಟ ಸರಿ ಮಾಡಿದರೆ ಐಸ್ ಕಟ್ಟುವುದೇ ಇಲ್ಲ ಅಂತ ನಾನು ಬರೆದುಕೊಡುವುದಿಲ್ಲ. ಮೂರಡಿ ಸ್ನೋ ವಾರಗಟ್ಟಲೆ ಕೂತರೆ ಅದರ ಅಡಿಯಲ್ಲಿ ಒಳ್ಳೆಯ ಮನೆಯ ಮಾಡೂ ಸ್ವಲ್ಪ ಬೆಚ್ಚಗಾಗುತ್ತೆ. ಎರಡು ಮಾಡು ಸೇರುವ ಕಣಿವೆಯಲ್ಲಿ, ಬಿಸಿಲು ಬಿದ್ದು ನೆರಳಾಗುವ ಕಡೆ ಅಷ್ಟಿಷ್ಟು ಕಟ್ಟುತ್ತೆ. ಅದಕ್ಕೆ ರೂಫ್ ರೇಕ್ ಇದೆ, ಅಂಗಳದಲ್ಲಿ ಭತ್ತ ಎಳೆಯುವ ಹಲಗೆಗೆ ಇಪ್ಪತ್ತಡಿ ಕೋಲು ಸಿಕ್ಕಿಸಿದಂಥದ್ದು. ಸ್ನೋ ನಿಂತ ಕೂಡಲೇ ನೆಲದ ಮೇಲೇ ನಿಂತು ಸೂರಿನಿಂದ ಮೂರು ನಾಲ್ಕು ಅಡಿ ಎಳೆದುಹಾಕಿ. ಮೇಲೆ ಕರೆಂಟ್ ತಂತಿ ಇದೆಯೇ ನೋಡಿಕೊಳ್ಳಿ. ನೀರು ಆಗಲೇ ಒಳಗೆ ಬಂದಿದ್ದರೆ ಉಬ್ಬಿದ ಸೀಲಿಂಗಿಗೆ ಒಂದು ಸಣ್ಣ ತೂತು ಕೊರೆದು ಬಕೆಟ್ ಇಡಿ, ಇಲ್ಲದಿದ್ದರೆ ಇಡೀ ಹಲಗೆ ತಲೆ ಮೇಲೆ ಬರುತ್ತೆ. ಏರಿ ತೆಗೆಸಲೇಬೇಕು ಅಂದರೆ ಹಬೆಯಲ್ಲಿ ಕತ್ತರಿಸುವವರನ್ನು ಮಾತ್ರ ಕರೆಯಿರಿ. ಕೊಡಲಿಯವರು ಬೇಡ. ಬಂದವರ ಸೊಂಟಕ್ಕೆ ಹಗ್ಗ ಇಲ್ಲದಿದ್ದರೆ ವಾಪಸ್ ಕಳಿಸಿ, ಬಕೆಟ್ ತುಂಬಲಿ. ಹಳೇ ಮನೆಯ ಅಟ್ಟದಲ್ಲಿ ಬೂದುಬಣ್ಣದ ಹರಳಿನಂಥ ಇನ್ಸುಲೇಷನ್ ಕಂಡರೆ ಕೈ ಹಾಕದೆ ಹೊರಗೆ ಬನ್ನಿ. ಅದು ವರ್ಮಿಕ್ಯುಲೈಟ್, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು.

ಆ ಮೇಲೆ ಮೂರು ಚಳಿಗಾಲ ಕಳೆದವು. ನಮ್ಮ ಸೂರಿನಲ್ಲಿ ಗೇಣುದ್ದದ ಕೋಲುಗಳು ಬರುತ್ತವೆ, ಹೋಗುತ್ತವೆ. ಬ್ರೆಜಿಲ್ ಅಂಗಡಿಯಲ್ಲಿ ಆ ಹುಡುಗನನ್ನು ಒಂದೆರಡು ಸಲ ಹುಡುಕಿದೆ. ಸಿಗಲಿಲ್ಲ, ಹೆಸರೂ ಕೇಳಿರಲಿಲ್ಲ.

ಕಳೆದ ವಾರ ಹೀಟ್ ಕೇಬಲ್ ಗೆಳೆಯನ ಫೋನು, ರಾತ್ರಿ ಹತ್ತೂವರೆಗೆ. ‘ಮಾರಾಯ, ಗೆಸ್ಟ್ ರೂಮಲ್ಲಿ ಹನೀತಾ ಇದೆ. ಅವತ್ತು ಹಬೆಯವರ ನಂಬರ್ ಅಂದಿದ್ಯಲ್ಲ, ಕಳ್ಸು.’ ಕಳಿಸಿದೆ. ಹನಿ ಬೀಳುವಾಗ ಯಾರಿಗೂ ಪಾಠ ಹೇಳಬಾರದು. ‘ಶನಿವಾರ ಟಾರ್ಚ್ ತಗೊಂಡು ಬರ್ತೀನಿ, ನಿನ್ ಅಟ್ಟದ ಬಾಗಿಲ ಮುಂದೆ ಏನಾದ್ರೂ ಇಟ್ಟಿದ್ರೆ ತೆಗ್ದಿಡು’ ಅಂದೆ.

ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ, ‘ನಮ್ಮನೇಲಿ ಅಟ್ಟದ ಬಾಗಿಲು ಎಲ್ಲಿದೆ?’